ಒಲ್ಲೆ ಅನ್ನಬಹುದು: ಬಾದಾಮಿಯಲ್ಲಿ ನಾಲ್ಕು ದಿನ

ಹೊರಟ ರಾತ್ರಿ

ಬೆಂಗಳೂರಿನಲ್ಲಿ ಗೋಲಗುಂಬಜ್ ಎಕ್ಸ್‌ಪ್ರೆಸ್ ಹತ್ತಿದಾಗ ನನ್ನ ಚೀಲದಲ್ಲಿ ಬಟ್ಟೆಗಿಂತ ಬೇರೆ ಸಾಮಾನೇ ಜಾಸ್ತಿ ಇತ್ತು. 22 ಪಾಟಿ, ಎರಡು ಡಬ್ಬಿ ಬಳಪ, ಲಗೋರಿ ಚೆಂಡು, ಬಣ್ಣದ ಪೆನ್ಸಿಲ್ಲು. ಜೊತೆಗೆ ನಾಲ್ಕು ದಿನದ ವೇಳಾಪಟ್ಟಿ. ಬೆಳಗ್ಗೆ ಆರರಿಂದ ರಾತ್ರಿ ಒಂಬತ್ತರ ತನಕ, ಅರ್ಧರ್ಧ ಗಂಟೆಗೆ ಏನೇನು ಅಂತ ನಾನೇ ಕೂತು ಬರೆದದ್ದು.

ಬಾದಾಮಿ ಹತ್ತಿರ ಒಂದು ಶಿಬಿರ. ಅಪ್ಪ, ಅವ್ವ, ಇಲ್ಲವೇ ಒಡಹುಟ್ಟಿದವರನ್ನು ಕಳೆದುಕೊಂಡ ಮಕ್ಕಳಿಗಾಗಿ. ಏಳರಿಂದ ಹದಿನಾಲ್ಕು ವರ್ಷದ 22 ಮಕ್ಕಳು, ನೋಡಿಕೊಳ್ಳಲು 11 ಜನ ದೊಡ್ಡವರು. ಇದರ ಹಿಂದೆ ದೊಡ್ಡ ಸಂಸ್ಥೆ ಯಾವುದೂ ಇರಲಿಲ್ಲ. ಕೆಲವು ಶಿಕ್ಷಕರು, ಇಬ್ಬರು ನರ್ಸ್‌ಗಳು, ನಾಲ್ಕೈದು ಕಾಲೇಜು ಹುಡುಗ ಹುಡುಗಿಯರು, ಒಬ್ಬ ಆಪ್ತ ಸಮಾಲೋಚಕಿ. ವಯಸ್ಸಿನಲ್ಲಿ ಹಿರಿಯಳು ಅಂತ ನನ್ನನ್ನು ಮುಂದಾಳು ಮಾಡಿದ್ದರು.

ಮಕ್ಕಳ ಹೆಸರು, ಊರು ಇಲ್ಲಿ ಬರೆಯುವುದಿಲ್ಲ. ಅವರ ಮಾತು ಬರೆಯಬಹುದಾ ಅಂತ ಅವರನ್ನೇ ಕೇಳಿದೆ, ಮನೆಯವರನ್ನೂ ಕೇಳಿದೆ. ಬೇಡ ಅಂದವರ ಮಾತು ಇಲ್ಲಿಲ್ಲ.

ನಾನು ಗುಳೇದಗುಡ್ಡದವಳು. ಅಪ್ಪ ಕುಣಿಮಗ್ಗದಲ್ಲಿ ಖಣ ನೇಯುತ್ತಿದ್ದರು. ನನಗೆ ಹತ್ತು ವರ್ಷ ಆದಾಗ ಅವರಿಗೆ ಹುಷಾರು ತಪ್ಪಿತು. ಮೀರಜಿಗೆ ಒಯ್ದರು. ಒಂದು ಬೆಳಗ್ಗೆ ನನ್ನನ್ನು ಪಕ್ಕದ ಮನೆಗೆ ಕಳಿಸಿ ಇಡೀ ದಿನ ಅಲ್ಲೇ ಇಟ್ಟುಕೊಂಡರು. 'ಅಪ್ಪ ಇನ್ನೂ ದವಾಖಾನ್ಯಾಗ ಅದಾನ' ಅಂದರು. ಸಂಜೆ ಮನೆಗೆ ಬಂದೆ. ಅವ್ವನ ಕೈಯಲ್ಲಿ ಹಸಿರು ಬಳೆ ಇರಲಿಲ್ಲ. ಯಾರೂ ಏನೂ ಹೇಳಲಿಲ್ಲ. ನಾನೂ ಕೇಳಲಿಲ್ಲ. ಈ ಶಿಬಿರಕ್ಕೆ ಬರುತ್ತೀರಾ ಅಂತ ಕೇಳಿದಾಗ ಒಂದು ನಿಮಿಷವೂ ಯೋಚಿಸದೆ ಹೂಂ ಅಂದದ್ದು ಆ ಬಳೆಗಳಿಗಾಗಿ.

ಮೊದಲ ದಿನ

ಗದಗ ದಾಟಿದ ಮೇಲೆ ಎಚ್ಚರ ಆಯಿತು. ಕಿಟಕಿಯಾಚೆ ಎರಿ ಹೊಲ, ಈಗಷ್ಟೇ ಜೋಳ ಬಿತ್ತಿದ ಸಾಲುಗಳು. ಹೊಳೆಆಲೂರಿನ ಬಳಿ ಮಲಪ್ರಭೆ ದಾಟಿದರೆ ಸಾಕು, ಸ್ವಲ್ಪ ಹೊತ್ತಿಗೆ ಬಾದಾಮಿಯ ಕೆಂಪು ಗುಡ್ಡಗಳು ಕಾಣುತ್ತವೆ. ಸ್ಟೇಷನ್ನಿನಿಂದ ಊರಿಗೆ ಐದು ಕಿಲೋಮೀಟರ್. ನಾವು ಉಳಿದದ್ದು ಊರಿನ ಹೊರಗೆ, ರಜೆಗೆ ಖಾಲಿ ಬಿದ್ದಿದ್ದ ಒಂದು ವಸತಿ ಶಾಲೆಯ ಕಟ್ಟಡದಲ್ಲಿ. ದೊಡ್ಡ ಬೇವಿನ ಮರ, ಅದರ ಕೆಳಗೆ ಕಟ್ಟೆ, ಹಿಂದೆ ಅಡುಗೆ ಮನೆ.

ಹತ್ತು ಗಂಟೆಯಿಂದ ಮಕ್ಕಳು ಬರತೊಡಗಿದರು. ಹೆಚ್ಚಿನವರನ್ನು ಅಜ್ಜಿಯರು ಕರೆತಂದಿದ್ದರು. ದಸರಾ ಮುಗಿದು ನಾಲ್ಕೈದು ದಿನ ಆಗಿತ್ತು. ನಮ್ಮ ಕಡೆ ಆ ದಿನಗಳಲ್ಲಿ ಯಾರು ಸಿಕ್ಕರೂ ಕೈಯಲ್ಲಿ ಬನ್ನಿ ಎಲೆ ಇಟ್ಟು, 'ಬನ್ನಿ ತಗೊಂಡು ಬಂಗಾರದಂಗ ಇರೂಣು' ಅನ್ನುತ್ತಾರೆ. ಈ ಅಜ್ಜಿಯರು ಯಾರೂ ಹಾಗೆ ಅನ್ನಲಿಲ್ಲ. ಸಾವಾದ ವರ್ಷ ಆ ಮನೆಗಳಲ್ಲಿ ಹಬ್ಬ ಇರುವುದಿಲ್ಲ. ಹೊಸ ಬಟ್ಟೆ ಇಲ್ಲ, ಹೋಳಿಗೆ ಇಲ್ಲ. ಓಣಿಯಲ್ಲಿ ಎಲ್ಲರೂ ಬನ್ನಿ ಹಂಚುವಾಗ ಆ ಮನೆಯ ಮಕ್ಕಳು ಬಾಗಿಲಲ್ಲಿ ನಿಂತು ನೋಡುತ್ತಾರೆ.

ಮಧ್ಯಾಹ್ನದ ಊಟ ಆದ ಮೇಲೆ ಬೇವಿನ ಕೆಳಗೆ ಎಲ್ಲರೂ ಸುತ್ತು ಕೂತೆವು. ಮುಷ್ಟಿಯಲ್ಲಿ ಹಿಡಿಯುವಷ್ಟು ದೊಡ್ಡ ಕೆಂಪು ಮರಳುಗಲ್ಲೊಂದನ್ನು ಅಂಗಳದಲ್ಲೇ ಆರಿಸಿಕೊಂಡಿದ್ದೆವು. ಕಲ್ಲು ಯಾರ ಕೈಯಲ್ಲಿದೆಯೋ ಅವರು ಮಾತಾಡಬೇಕು, ಉಳಿದವರು ಕೇಳಬೇಕು. ಮಾತಾಡುವ ಮನಸ್ಸಿಲ್ಲದಿದ್ದರೆ 'ಪಾಸ್' ಅಂದು ಕಲ್ಲನ್ನು ಪಕ್ಕದವರಿಗೆ ಕೊಡಬಹುದು.

"ಪಾಸ್ ಅಂದ್ರ ಪರೀಕ್ಷಾದಾಗ ಪಾಸಾದಂಗನ್ರಿ ಅಕ್ಕೋರ?" ಅಂತ ಒಬ್ಬ ಹುಡುಗ ಕೇಳಿದ.

ನಾನು ಉತ್ತರ ಹುಡುಕುವಷ್ಟರಲ್ಲಿ ಆಚೆ ಕೂತ ಹುಡುಗಿ, "ಒಲ್ಲೆ ಅಂದ್ರ ಆತಲ್ಲ" ಅಂದಳು. ಅಲ್ಲಿಂದ ನಮ್ಮ ನಿಯಮದ ಹೆಸರು 'ಒಲ್ಲೆ'.

ಆಮೇಲೆ ನಾನು ಮಾಡಿದ್ದನ್ನು ಇದ್ದ ಹಾಗೇ ಹೇಳುತ್ತೇನೆ. ಮಕ್ಕಳಿಗೆ ಧೈರ್ಯ ಬರಲಿ ಅಂತ ಮೊದಲು ನಾನೇ ಕಲ್ಲು ಹಿಡಿದೆ. ಅಪ್ಪ, ಮಗ್ಗ, ಮೀರಜು, ಪಕ್ಕದ ಮನೆ, ಬಳೆ. ಎರಡು ಮಾತಿನಲ್ಲಿ ಮುಗಿಸಬೇಕು ಅಂದುಕೊಂಡದ್ದು ಕಾಲು ಗಂಟೆ ಆಯಿತು. 'ನಿಮ್ಮ ನೋವು ನನಗೆ ಗೊತ್ತು' ಅಂದೆ. ಗಂಟಲು ಕಟ್ಟಿತು, ಅತ್ತುಬಿಟ್ಟೆ. ಒಂಬತ್ತು ವರ್ಷದ ಹುಡುಗಿಯೊಬ್ಬಳು ಎದ್ದು ಬಂದು, ತನ್ನ ಫ್ರಾಕಿನ ಅಂಚಿನಿಂದ ನನ್ನ ಕೆನ್ನೆ ಒರೆಸಿ, "ಅಳಬ್ಯಾಡ್ರಿ ಅಕ್ಕೋರ, ಸಮಾಧಾನ ಮಾಡ್ಕೋರಿ" ಅಂದಳು. ದೊಡ್ಡ ಹೆಂಗಸಿನ ದನಿಯಲ್ಲಿ. ಆ ಮಾತು ಅವಳಿಗೆ ಅಷ್ಟು ರೂಢಿಯಾಗಿತ್ತು.

ಕಲ್ಲು ಮುಂದೆ ಹೋಯಿತು. ಒಲ್ಲೆ. ಒಲ್ಲೆ. ಒಲ್ಲೆ. 22 ಮಕ್ಕಳೂ ಒಲ್ಲೆ ಅಂದರು.

ರಾತ್ರಿ ಮಕ್ಕಳು ಮಲಗಿದ ಮೇಲೆ ದೊಡ್ಡವರೆಲ್ಲ ಅಡುಗೆ ಮನೆಯಲ್ಲಿ ಸೇರಿದೆವು. ಸಮಾಲೋಚಕಿ ನನಗಿಂತ ಹದಿನೈದು ವರ್ಷ ಚಿಕ್ಕವರು. ಮೆಲ್ಲಗೆ ಮಾತಾಡುವವರು. "ಇವತ್ತು ಮಕ್ಕಳು ನಿಮ್ಮನ್ನ ಸಂಭಾಳಿಸಿದರು" ಅಂದರು. "ಮನೆಯಲ್ಲಿ ಅವ್ವನ್ನ, ಅಜ್ಜಿಯನ್ನ ಸಂಭಾಳಿಸಿ ಸಾಕಾಗಿ ಬಂದಿದ್ದಾರೆ. ಇಲ್ಲೂ ಅದೇ ಕೆಲಸ ಆಗಬಾರದು ಅಲ್ವಾ?"

ಆ ಮಾತು ನೇರ ತಾಗಿತು. ಇಷ್ಟು ವರ್ಷ ನನ್ನೊಳಗೆ ಇದ್ದದ್ದನ್ನು ಇಳಿಸಲು ಒಂದು ಜಾಗ ಬೇಕಿತ್ತು. ಅದನ್ನು ಈ ಮಕ್ಕಳ ಮಡಿಲಲ್ಲಿ ಇಳಿಸಿದ್ದೆ. ಅವರ ಹೆಗಲ ಮೇಲೆ ಮೊದಲೇ ಎಷ್ಟಿತ್ತೋ.

ಸಮಾಲೋಚಕಿ ಇನ್ನೊಂದು ಮಾತು ಹೇಳಿದರು. ಸಾವಿನ ಮನೆಯಲ್ಲಿ ಮಗುವನ್ನು ಯಾರೂ ಏನೂ ಕೇಳುವುದಿಲ್ಲ. ಹೆಣ ನೋಡ್ತೀಯಾ ಅಂತ ಕೇಳುವುದಿಲ್ಲ. ಯಾರ ಮನೆಯಲ್ಲಿ ಇರ್ತೀಯಾ, ಯಾವ ಶಾಲೆಗೆ ಹೋಗ್ತೀಯಾ, ಅಪ್ಪನ ಅಂಗಿ ಯಾರಿಗೆ ಕೊಡೋಣ, ಯಾವುದನ್ನೂ ಕೇಳುವುದಿಲ್ಲ. ಎಲ್ಲ ತೀರ್ಮಾನ ದೊಡ್ಡವರೇ ಮಾಡಿರುತ್ತಾರೆ. ಅದಕ್ಕೇ ಶಿಬಿರದಲ್ಲಿ ಮಗು 'ಒಲ್ಲೆ' ಅಂದರೆ ಅದನ್ನು ಸೋಲು ಅಂತ ನೋಡಬೇಡಿ ಅಂದರು. ಎಷ್ಟೋ ದಿನದ ಮೇಲೆ ಅದರ ಮಾತು ನಡೆದಿದೆ ಅಂತ ಅರ್ಥ.

ಇಂಥ ಕೆಲಸ ಹೊರದೇಶಗಳಲ್ಲಿ ಹಳೆಯದು. ಅಮೆರಿಕದ ಪೋರ್ಟ್‌ಲ್ಯಾಂಡಿನಲ್ಲಿ ಡಗಿ ಸೆಂಟರ್ 1982ರಲ್ಲಿ ಶುರುವಾಯಿತು. ವರ್ಜೀನಿಯಾದಲ್ಲಿ 1999ರಲ್ಲಿ ಶುರುವಾದ ಕಂಫರ್ಟ್ ಝೋನ್ ಕ್ಯಾಂಪಿನಲ್ಲಿ ಪ್ರತಿ ಮಗುವಿಗೂ ಒಬ್ಬ ದೊಡ್ಡ ಗೆಳೆಯ ಇರುತ್ತಾರೆ. ಆ ಗೆಳೆಯನ ಕೆಲಸ ಬುದ್ಧಿ ಹೇಳುವುದಲ್ಲ, ಜೊತೆಗಿರುವುದು. ಬರುವ ಮೊದಲು ಇದನ್ನೆಲ್ಲ ಓದಿಯೇ ಬಂದಿದ್ದೆ. ಓದಿದ್ದು ತಲೆಯಲ್ಲಿತ್ತು ಅಷ್ಟೇ.

ವೇಳಾಪಟ್ಟಿ ತೆಗೆದು ಊಟ, ನಿದ್ದೆ, ಔಷಧಿಯ ಹೊತ್ತು ಬಿಟ್ಟು ಉಳಿದದ್ದಕ್ಕೆಲ್ಲ ಗೀಟು ಹಾಕಿದೆ.

ಅವತ್ತು ರಾತ್ರಿ ಕಾವಲು ನನ್ನದು. ಹನ್ನೊಂದರ ಸುಮಾರಿಗೆ ಹನ್ನೆರಡು ವರ್ಷದ ಹುಡುಗನೊಬ್ಬ ಎದ್ದು ಬಂದ. ಗೇಟಿನ ತನಕ ನಡೆದು, ಚಿಲಕ ಮುಟ್ಟಿ ನೋಡಿ, ವಾಪಸ್ ಹೋಗಿ ಮಲಗಿದ. ಸ್ವಲ್ಪ ಹೊತ್ತಿಗೆ ಮತ್ತೆ ಬಂದ. ಮತ್ತೆ ಚಿಲಕ. ಮೂರನೇ ಸಲ ಬಂದಾಗ, "ಕೀಲಿ ಹಾಕೀರೇನ್ರಿ?" ಅಂದ. ಅವನ ಅಪ್ಪ ಹೋದ ದಿನ ಮಣ್ಣಿಗೆ ಬಂದವರೆಲ್ಲ ಅವನ ತಲೆ ಮೇಲೆ ಕೈ ಇಟ್ಟು, 'ಇನ್ನ ನೀನ ಮನಿ ಗಂಡಸು' ಅಂದಿದ್ದರಂತೆ. ಅಂದಿನಿಂದ ದಿನಾ ರಾತ್ರಿ ಮನೆಯ ಬಾಗಿಲು, ಹಿತ್ತಲ ಬಾಗಿಲು, ದನದ ಕೊಟ್ಟಿಗೆ, ಎಲ್ಲ ಅವನೇ ನೋಡುತ್ತಾನೆ.

ಏನಾದರೂ ಹೇಳಬೇಕು ಅನಿಸಿತು. ನೀನು ಇನ್ನೂ ಚಿಕ್ಕವನು, ಹೆದರಬೇಡ, ಹೀಗೇ ಏನೋ. ಹೇಳಲಿಲ್ಲ. ಕುರ್ಚಿ ಎತ್ತಿಕೊಂಡು ಹೋಗಿ ಗೇಟಿಗೆ ಆನಿಸಿ ಇಟ್ಟು ಅದರ ಮೇಲೆ ಕೂತೆ. "ಇವತ್ತು ನನ್ನ ಪಾಳಿ" ಅಂದೆ. ಅವನು ಸ್ವಲ್ಪ ಹೊತ್ತು ನಿಂತು ನೋಡಿದ. ಹೋಗಿ ಮಲಗಿದ. ಅರ್ಧ ಗಂಟೆ ಬಿಟ್ಟು ಕಿಟಕಿಯಲ್ಲಿ ಒಂದು ತಲೆ ಕಂಡಿತು. ನಾನು ಟಾರ್ಚ್ ಹೊತ್ತಿಸಿ ಇಲ್ಲೇ ಇದ್ದೀನಿ ಅಂತ ತೋರಿಸಿದೆ. ಮತ್ತೆ ಅವನು ಏಳಲಿಲ್ಲ.

ಎರಡನೇ ದಿನ

ಬೆಳಗ್ಗೆ ಅವಲಕ್ಕಿ ತಿಂದು ಸುತ್ತು ಕೂತೆವು. ಕಲ್ಲು ಹಿಡಿದು ಮೂರೇ ಮಾತು ಹೇಳಿದೆ. "ನಿನ್ನೆ ನಾನು ಜಾಸ್ತಿ ಮಾತಾಡಿದೆ. ಆ ಹೊತ್ತು ನಿಮ್ಮದಾಗಿತ್ತು. ನಂದು ತಪ್ಪಾಯಿತು."

ಮಕ್ಕಳು ಒಬ್ಬರ ಮುಖ ಒಬ್ಬರು ನೋಡಿದರು. ಅಕ್ಕೋರು ತಪ್ಪಾಯಿತು ಅಂದದ್ದನ್ನು ಅವರು ಕೇಳಿರಲಿಲ್ಲವೇನೋ. "ಇರ್ಲಿ ಬಿಡ್ರಿ" ಅಂದ ಪಾಸ್ ಬಗ್ಗೆ ಕೇಳಿದ್ದ ಹುಡುಗ. ಇವತ್ತು ಎಲ್ಲಿಗೆ ಹೋಗೋಣ ಅಂತ ಕೇಳಿದ್ದಕ್ಕೆ, "ಮಂಗ್ಯಾ ನೋಡಾಕ" ಅಂತ ಎಲ್ಲರೂ ಒಟ್ಟಿಗೆ ಕೂಗಿದರು. ಬಾದಾಮಿ ಗುಹೆಗಳ ಮಂಗಗಳನ್ನು ನೋಡಿದವರಿಗೆ ಇದು ಅರ್ಥವಾದೀತು.

ಗುಹೆಗಳಲ್ಲಿ ಅವರಿಗೆ ಬೇಕಾದಷ್ಟೇ ನೋಡಿದರು. ಮೂರನೇ ಗುಹೆಯಲ್ಲಿ 578ರ ಶಾಸನ ಇದೆ. ಅಣ್ಣ ಕೀರ್ತಿವರ್ಮ ರಾಜನಾಗಿದ್ದಾಗ ತಮ್ಮ ಮಂಗಳೇಶ ಕೊರೆಸಿದ ಗುಹೆ ಅದು. ಅಣ್ಣ ತಮ್ಮ ಅನ್ನುವುದು ಮಾತ್ರ ಅವರ ಕಿವಿಗೆ ಬಿತ್ತು. ಅಷ್ಟರಲ್ಲಿ ಒಂದು ಮಂಗ ನಮ್ಮ ಬಿಸ್ಕೀಟಿನ ಚೀಲ ಕಿತ್ತುಕೊಂಡು ಮೇಲಿನ ಬಂಡೆ ಸೇರಿತು. ನಿನ್ನೆಯಿಂದ ಒಂದು ಮಾತೂ ಆಡದ ಹುಡುಗನೊಬ್ಬ ನಕ್ಕು ನಕ್ಕು ನೆಲದ ಮೇಲೆ ಕೂತುಬಿಟ್ಟ.

ಇದನ್ನು ನೋಡಿ ಕೆಲವರು 'ಮರೆತು ಬಿಟ್ಟಿದ್ದಾನೆ, ಮಕ್ಕಳಿಗೇನು ಗೊತ್ತು' ಅನ್ನುತ್ತಾರೆ. ಹಾಗಲ್ಲ. ದೊಡ್ಡವರ ದುಃಖ ಹೊಳೆಯ ಹಾಗೆ, ಇಳಿದರೆ ಎದೆ ಮಟ್ಟ ನೀರು, ಸುಲಭಕ್ಕೆ ದಡ ಸಿಗುವುದಿಲ್ಲ. ಮಕ್ಕಳದು ಮಳೆಗಾಲದ ಹೊಂಡಗಳ ಹಾಗೆ. ಒಂದರೊಳಗೆ ಧುಮುಕುತ್ತಾರೆ, ಹೊರಗೆ ಬಂದು ಓಡುತ್ತಾರೆ, ಇನ್ನೊಂದರೊಳಗೆ ಬೀಳುತ್ತಾರೆ. ಈ ಹೋಲಿಕೆ ಸಮಾಲೋಚಕಿ ಹೇಳಿದ್ದು. ಆ ಹುಡುಗ ಹತ್ತು ನಿಮಿಷ ನಕ್ಕು, ಮೆಟ್ಟಿಲು ಇಳಿಯುವಾಗ ಕಾಲೇಜು ಹುಡುಗನ ಕೈ ಹಿಡಿದು ಮೆತ್ತಗೆ ಹೇಳಿದನಂತೆ: "ನಾ ಸಿಟ್ಟಿಲೆ ಅಪ್ಪಗ ಸಾಯಿ ಅಂದಿದ್ದೆ." ಆ ಮಾತಿನಿಂದಲೇ ಅಪ್ಪ ಸತ್ತ ಅಂತ ಎಂಟು ತಿಂಗಳಿಂದ ನಂಬಿಕೊಂಡಿದ್ದ. ಮಾತಿನಿಂದ ಯಾರೂ ಸಾಯುವುದಿಲ್ಲ ಅಂತ ಅವನಿಗೆ ಯಾರೂ ಹೇಳಿರಲಿಲ್ಲ, ಏಕೆಂದರೆ ಅವನು ಹೀಗೆ ನಂಬಿದ್ದು ಯಾರಿಗೂ ಗೊತ್ತಿರಲಿಲ್ಲ. ಸಂಜೆ ಸಮಾಲೋಚಕಿ ಅವನ ಜೊತೆ ಬಹಳ ಹೊತ್ತು ಕೂತಿದ್ದರು. ಏನು ಮಾತಾಡಿದರು ಅಂತ ನಾನು ಕೇಳಲಿಲ್ಲ.

ಮಧ್ಯಾಹ್ನ ಅಗಸ್ತ್ಯ ತೀರ್ಥದ ದಂಡೆಯಲ್ಲಿ ಬುತ್ತಿ ಬಿಚ್ಚಿದೆವು. ಜೋಳದ ರೊಟ್ಟಿ, ಶೇಂಗಾ ಚಟ್ನಿ, ಮೊಸರು. ಮಳೆಗಾಲ ಮುಗಿದಿದ್ದರಿಂದ ಕೆರೆ ತುಂಬಿತ್ತು. ಕೆರೆಯ ಈಶಾನ್ಯ ಬದಿಯ ಬಂಡೆಯ ಮೇಲೆ ಕಪ್ಪೆ ಅರಭಟ್ಟನ ಶಾಸನ ಇದೆ. ಸುಮಾರು ಕ್ರಿ.ಶ. 700ರದು. ಕನ್ನಡದ ಅತಿ ಹಳೆಯ ತ್ರಿಪದಿ ಇರುವುದು ಅದರಲ್ಲೇ. ನನಗೆ ಗೊತ್ತಿದ್ದಷ್ಟನ್ನು ಮಕ್ಕಳಿಗೆ ಹೇಳಿದೆ. ಇದು ಒಬ್ಬ ಮನುಷ್ಯನ ಬಗ್ಗೆ ಬರೆದದ್ದು. ಮೂರೇ ಸಾಲು. 'ಸಾಧುಗೆ ಸಾಧು, ಮಾಧುರ್ಯಂಗೆ ಮಾಧುರ್ಯಂ' ಅಂತ ಶುರುವಾಗುತ್ತದೆ. ಒಳ್ಳೆಯವರಿಗೆ ಒಳ್ಳೆಯವನು, ಸವಿಯಾಗಿ ಇರುವವರಿಗೆ ಸವಿಯಾದವನು. ಆದರೆ ಕಾಡಿಸಿದವರನ್ನು ಸುಮ್ನೆ ಬಿಡುವವನಲ್ಲ.

"ಅಂದ್ರ ಅವನ ಸಿಟ್ಟೂ ಬರದಾರನ್ರಿ ಕಲ್ಲಿನ ಮ್ಯಾಲ?"

ಕೇಳಿದವನು ಗೇಟಿನ ಚಿಲಕ ನೋಡಿದ ಹುಡುಗ. ಹೌದು, ಬರೆದಿದ್ದಾರೆ ಅಂದೆ.

ಪಾಟಿ ಹಂಚಿದೆ. ನಿಮ್ಮವರ ಬಗ್ಗೆ ಮೂರು ಸಾಲು ಬರೆಯಬಹುದು, ಚಿತ್ರ ಬಿಡಿಸಬಹುದು, ಒಲ್ಲೆ ಅನ್ನಬಹುದು ಅಂದೆ. ಆರು ಮಕ್ಕಳು ಒಲ್ಲೆ ಅಂದು ಕೆರೆಗೆ ಕಲ್ಲು ಎಸೆಯುತ್ತ ಕೂತರು. ಉಳಿದವರು ಬರೆದರು. ನೋಡಿದರೆ ಆ ಹುಡುಗನ ಪಾಟಿಯಲ್ಲಿ ಹೀಗಿತ್ತು:

ಅಪ್ಪ ಟ್ರ್ಯಾಕ್ಟರ್ ಹೊಡೀತಿದ್ದ
ಸಿಟ್ಟು ಬಂದ್ರ ನಮ್ಮನ್ನೂ ಹೊಡೀತಿದ್ದ
ಸಂತಿಯಿಂದ ಬರೂಮುಂದ ಖಾರ ದಾಣಿ ತರತಿದ್ದ

ಪಕ್ಕದಲ್ಲಿದ್ದ ಕಾಲೇಜು ಹುಡುಗಿ ಒಳ್ಳೆಯ ಮನಸ್ಸಿನಿಂದಲೇ, "ಎರಡನೇ ಸಾಲು ಅಳಿಸಿ ಏನಾದರೂ ಚೆನ್ನಾಗಿರೋದು ಬರಿ" ಅಂದಳು. ಅವನ ಕೈ ಪಾಟಿಯ ಕಡೆ ಹೋಯಿತು. ನಿನ್ನೆಯಾಗಿದ್ದರೆ ನಾನೂ ಅದನ್ನೇ ಹೇಳುತ್ತಿದ್ದೆ. ಸತ್ತವರ ಬಗ್ಗೆ ಕೆಟ್ಟದ್ದು ಆಡಬಾರದು ಅಂತಲೇ ನಮ್ಮನ್ನೆಲ್ಲ ಬೆಳೆಸಿದ್ದಾರೆ. ಆದರೆ ಅಪ್ಪ ಇದ್ದದ್ದೇ ಹಾಗೆ. ಆ ಸಾಲು ಅಳಿಸಿದರೆ ಅವನು ಅಳುವುದು ಬೇರೆ ಯಾರಿಗಾಗಿಯೋ ಆಗುತ್ತದೆ. "ನಿನ್ನ ಪಾಟಿ. ಇಡೋದೂ ಅಳಿಸೋದೂ ನಿಂಗ ಬಿಟ್ಟದ್ದು" ಅಂದೆ. ಅವನು ಎರಡನೇ ಸಾಲಿನ ಅಕ್ಷರಗಳ ಮೇಲೆ ಇನ್ನೊಮ್ಮೆ ಬಳಪ ಎಳೆದು ದಪ್ಪ ಮಾಡಿದ.

ಮೂರನೇ ದಿನ

ಮಹಾಕೂಟಕ್ಕೆ ಹೋಗೋಣ, ಹೊಂಡದಲ್ಲಿ ಈಜೋಣ ಅಂತ ಮಕ್ಕಳೇ ಹೇಳಿದರು. ಬಾದಾಮಿಯಿಂದ ರಸ್ತೆಯಲ್ಲಿ ಸುಮಾರು 14 ಕಿಲೋಮೀಟರ್. ಚಾಲುಕ್ಯರ ಕಾಲದ ಗುಡಿಗಳು, ದೊಡ್ಡ ಆಲದ ಮರಗಳು, ನಡುವೆ ವಿಷ್ಣು ಪುಷ್ಕರಿಣಿ. ಊಟೆಯ ನೀರು, ತಣ್ಣಗೆ, ತಳ ಕಾಣುವಷ್ಟು ತಿಳಿ. ನಮ್ಮ ಕಡೆಯ ಮಕ್ಕಳಿಗೆ ಅದಕ್ಕಿಂತ ದೊಡ್ಡ ಸುಖ ಇಲ್ಲ. ಈಜು ಬಲ್ಲ ನಾಲ್ವರು ದೊಡ್ಡವರು ಮೊದಲೇ ನೀರಿಗಿಳಿದು ನಿಂತರು. ಮಕ್ಕಳು ಇಬ್ಬಿಬ್ಬರಾಗಿ ಇಳಿದರು.

ಹನ್ನೊಂದು ವರ್ಷದ ಹುಡುಗಿಯೊಬ್ಬಳು ಮಾತ್ರ ಮೇಲಿನ ಮೆಟ್ಟಿಲ ಮೇಲೆ ನಿಂತಿದ್ದಳು. ಅವಳ ಅಣ್ಣ ಹೋದ ಬೇಸಿಗೆಯಲ್ಲಿ ಬಾವಿಯಲ್ಲಿ ಮುಳುಗಿ ತೀರಿಕೊಂಡಿದ್ದ. ನಮ್ಮ ಹತ್ತಿರ ಇದ್ದ ಕಾಗದದಲ್ಲಿ ಅದು ಬರೆದೇ ಇತ್ತು. ಬೆಳಗ್ಗೆ ಎಲ್ಲರೂ ಮಹಾಕೂಟ ಅಂತ ಕೂಗಿದಾಗ ಅವಳೂ ಸುಮ್ಮನಿದ್ದಳು, ನಾನೂ ಕಾಗದ ತೆಗೆದು ನೋಡಲಿಲ್ಲ. ಕೈಯೆತ್ತಿದವರೇ ಜಾಸ್ತಿ ಅಂತ ಹೊರಟುಬಿಟ್ಟೆವು. ಎಲ್ಲರನ್ನೂ ಕೇಳಿದೆ ಅಂತ ಸಮಾಧಾನ ಪಟ್ಟಿದ್ದೆ. ಗುಂಪನ್ನು ಕೇಳುವುದು ಬೇರೆ, ಮೂಲೆಯಲ್ಲಿ ನಿಂತ ಒಬ್ಬಳನ್ನು ಕೇಳುವುದು ಬೇರೆ.

ಹತ್ತಿರ ಹೋಗಿ, "ನಾವು ವಾಪಸ್ ಹೋಗೋಣ. ಇಲ್ಲಾಂದ್ರೆ ನಾವಿಬ್ಬರೇ ಹೊರಗೆ ಆಲದ ಕೆಳಗೆ ಕೂರೋಣ. ನೀನು ಹೇಳಿದ ಹಾಗೆ" ಅಂದೆ.

ಅವಳು ಬಹಳ ಹೊತ್ತು ನೀರನ್ನೇ ನೋಡಿದಳು. "ಅವರು ಆಡ್ಲಿ. ನಾ ಇಲ್ಲೇ ಕುಂದರ್ತೀನಿ" ಅಂದಳು.

"ನಾ ಬಾಜೂಕ ಕೂರಲಾ?"

"ಕೂಡ್ರಿ. ಮಾತಾಡಬ್ಯಾಡ್ರಿ."

ಕೂತೆ. ಮಾತಾಡಲಿಲ್ಲ. ಇಪ್ಪತ್ತೈದು ವರ್ಷ ತರಗತಿಯಲ್ಲಿ ಮಾತಾಡಿ ಬದುಕಿದವಳು ನಾನು. ಒಂದು ಮಗುವಿನ ಪಕ್ಕ ಒಂದು ಗಂಟೆ ಬಾಯಿ ಮುಚ್ಚಿ ಕೂತದ್ದು ಅದೇ ಮೊದಲು. ಮೊದಲ ಹತ್ತು ನಿಮಿಷ ನಾಲಿಗೆ ತುದಿಗೆ ಏನೇನೋ ಬಂದವು. ಆಮೇಲೆ ನೀರು ಕಂಡಿತು. ನೀರಿನ ಸದ್ದು ಕೇಳಿತು. ಅವಳು ಉಸಿರು ಬಿಗಿ ಹಿಡಿಯುವುದು ಕೇಳಿತು. ಯಾರಾದರೂ ಮುಳುಗು ಹಾಕಿದ ಕೂಡಲೇ ಅವಳ ಬೆರಳುಗಳು ಮೆಟ್ಟಿಲ ಕಲ್ಲನ್ನು ಹಿಡಿಯುತ್ತಿದ್ದವು. ತಲೆ ಮೇಲೆ ಬಂದರೆ ಬಿಡುತ್ತಿದ್ದವು. ಮುಳುಗು, ಹಿಡಿ. ತಲೆ, ಬಿಡು. ಪ್ರತಿ ಮಗುವನ್ನೂ ಅವಳು ಎಣಿಸುತ್ತಿದ್ದಳು. ನಾನೂ ಅವಳ ಜೊತೆ ಎಣಿಸತೊಡಗಿದೆ.

ಸ್ವಲ್ಪ ಹೊತ್ತಿಗೆ ಒಂದು ಮೆಟ್ಟಿಲು ಕೆಳಗೆ ಸರಿದಳು. ಮತ್ತೆ ಒಂದು. ನಾನು ಅವಳಿಗಿಂತ ಒಂದು ಮೆಟ್ಟಿಲು ಹಿಂದೆಯೇ ಉಳಿದೆ. ಕೊನೆಗೆ ಅವಳ ಪಾದಗಳು ನೀರಿಗೆ ತಾಗಿದವು. ಅಲ್ಲೇ ನಿಂತಿತು. ಅಲ್ಲಿಂದ ಕೆಳಗೆ ಅವಳು ಇಳಿಯಲಿಲ್ಲ, ಇಳಿಯಬೇಕು ಅಂತ ಯಾರೂ ಹೇಳಲಿಲ್ಲ.

ಚೀಲದಿಂದ ಕಂಪಾಸ್ ಡಬ್ಬಿ ತೆಗೆದಳು. ಮುಚ್ಚಳ ತೆರೆದಳು. ಕೋನಮಾಪಕದ ಕೆಳಗೆ, ನೋಟ್‌ಬುಕ್ಕಿನ ಹಾಳೆಯಲ್ಲಿ ಮಡಚಿಟ್ಟ ಬನ್ನಿಯ ಒಂದು ಕಡ್ಡಿ. ಎಲೆಗಳು ಒಣಗಿ ಅರ್ಧ ಉದುರಿದ್ದವು. ಪ್ರತಿ ವರ್ಷ ಮೊದಲ ಬನ್ನಿ ಅಣ್ಣನಿಗೆ ಕೊಟ್ಟು ಕಾಲು ಮುಟ್ಟುತ್ತಿದ್ದಳಂತೆ. ಅವನು ತಲೆ ಮೇಲೆ ಮೊಟಕುತ್ತಿದ್ದನಂತೆ. ಈ ವರ್ಷ ಮನೆಯಲ್ಲಿ ಹಬ್ಬ ಇರಲಿಲ್ಲ. ಯಾರಿಗೂ ಹೇಳದೆ ಶಾಲೆಯ ಹಿಂದಿನ ಮರದಿಂದ ಕಿತ್ತು ತಂದಿದ್ದಳು.

"ಇದನ್ನ ಎಲ್ಲಿ ಇಡ್ಲಿರಿ?"

ನನ್ನ ಬಳಿ ಉತ್ತರಗಳಿದ್ದವು. ನೀರಲ್ಲಿ ಬಿಡು. ದೇವರ ಮುಂದೆ ಇಡು. ಮನೆಯಲ್ಲಿ ಅಣ್ಣನ ಫೋಟೋ ಹಿಂದೆ ಸಿಕ್ಕಿಸು. ಮೂರೂ ಒಳ್ಳೆಯ ಉತ್ತರಗಳೇ. "ನಿನಗೆ ಎಲ್ಲಿ ಇಡಬೇಕು ಅನಸ್ತದ?" ಅಂದೆ.

ಯೋಚಿಸಿದಳು. ಹೊಂಡದ ಕಡೆ ನೋಡಿದಳು, ಗುಡಿಯ ಕಡೆ ನೋಡಿದಳು.

"ಇನ್ನಾ ಗೊತ್ತಿಲ್ಲ" ಅಂದಳು. ಕಡ್ಡಿಯನ್ನು ಮತ್ತೆ ಹಾಳೆಯಲ್ಲಿ ಸುತ್ತಿ, ಕೋನಮಾಪಕದ ಕೆಳಗೆ ಇಟ್ಟು, ಡಬ್ಬಿ ಮುಚ್ಚಿದಳು.

ಅವತ್ತು ಸಂಜೆ ಸುತ್ತು ಕೂತಾಗ ಕಲ್ಲು ಬಹಳ ನಿಧಾನ ಸಾಗಿತು. ಪ್ರತಿ ಕೈಯಲ್ಲೂ ನಿಲ್ಲುತ್ತಿತ್ತು. ಯಾರು ಏನು ಹೇಳಿದರು ಅನ್ನುವುದು ಅಲ್ಲಿ ಕೂತವರದ್ದು. ನನ್ನ ಕೈಗೆ ಬಂದಾಗ ನಾನು "ಒಲ್ಲೆ" ಅಂದೆ. ಮೊದಲ ದಿನ ನನ್ನ ಕೆನ್ನೆ ಒರೆಸಿದ ಹುಡುಗಿ ಒಮ್ಮೆ ನನ್ನ ಕಡೆ ನೋಡಿ, ಕಲ್ಲು ತೆಗೆದುಕೊಂಡು ತನ್ನ ಅಪ್ಪನ ಬಗ್ಗೆ ಹೇಳತೊಡಗಿದಳು. ಆ ದೊಡ್ಡ ಹೆಂಗಸಿನ ದನಿ ಅವತ್ತು ಇರಲಿಲ್ಲ. ಒಂಬತ್ತು ವರ್ಷದ ದನಿಯೇ ಇತ್ತು.

ನಾಲ್ಕನೇ ದಿನ

ಹನ್ನೊಂದು ಗಂಟೆಗೆ ಮನೆಯವರು ಬಂದರು. ಮಕ್ಕಳು ಹೊರಗೆ ಲಗೋರಿ ಆಡುವಾಗ ನಾವು ಒಳಗೆ ದೊಡ್ಡವರ ಜೊತೆ ಕೂತೆವು.

ಏಳು ವರ್ಷದ ಒಬ್ಬ ಹುಡುಗ ನಾಲ್ಕೂ ದಿನ, "ನಮ್ಮವ್ವ ಊರಿಗಿ ಹೋಗ್ಯಾಳ" ಅಂತಲೇ ಹೇಳಿದ್ದ. ಅವನ ಅಜ್ಜಿಗೆ ಸಮಾಲೋಚಕಿ ಬಿಡಿಸಿ ಹೇಳಿದರು. ಊರಿಗೆ ಹೋದವರು ವಾಪಸ್ ಬರುತ್ತಾರೆ. ಮಲಗಿದ್ದಾರೆ ಅಂದರೆ ಏಳುತ್ತಾರೆ. ದೇವರು ಕರಕೊಂಡ ಅಂದರೆ ಮಗುವಿಗೆ ದೇವರ ಮೇಲೆ ಭಯ ಆಗುತ್ತದೆ. ಸತ್ತಳು, ಅವಳ ಉಸಿರು ನಿಂತಿದೆ, ಇನ್ನು ಬರುವುದಿಲ್ಲ, ಇದರಲ್ಲಿ ನಿನ್ನ ತಪ್ಪಿಲ್ಲ, ನಿನ್ನನ್ನು ನಾನು ನೋಡಿಕೊಳ್ಳುತ್ತೇನೆ. ಇಷ್ಟನ್ನು ನಿಮ್ಮ ಬಾಯಿಂದಲೇ ಹೇಳಬೇಕು ಅಂದರು. ಅಜ್ಜಿ ಸೆರಗನ್ನು ಬಾಯಿಗೆ ಒತ್ತಿಕೊಂಡು ಕೂತಿದ್ದರು. "ಅಂವಗ ಹೇಳಿದ್ರ ನಂಗೂ ಖರೆ ಆಕ್ಕೈತಲ್ರಿ" ಅಂದರು. ಸತ್ತದ್ದು ಅವರ ಮಗಳು. ಅದನ್ನು ನಾವು ಯಾರೂ ಅಷ್ಟು ಹೊತ್ತು ನೆನಪಿಗೆ ತಂದುಕೊಂಡಿರಲಿಲ್ಲ. ಸಮಾಲೋಚಕಿ ಮಾತು ನಿಲ್ಲಿಸಿ ಅಜ್ಜಿಯ ಪಕ್ಕಕ್ಕೆ ಹೋಗಿ ಕೂತರು.

ಉಪಯೋಗಕ್ಕೆ ಬರುವ ಕೆಲವು ವಿಷಯ ಹೇಳಿದೆವು. ಸರ್ಕಾರದ ಮಿಷನ್ ವಾತ್ಸಲ್ಯ ಯೋಜನೆಯ ಪ್ರಾಯೋಜಕತ್ವದಲ್ಲಿ ಅರ್ಹ ಮಗುವಿಗೆ ತಿಂಗಳಿಗೆ 4,000 ರೂಪಾಯಿ ಸಿಗುತ್ತದೆ. ಗಂಡ ತೀರಿಕೊಂಡ ತಾಯಂದಿರೂ ಕೇಳಬಹುದು. ಜಿಲ್ಲಾ ಮಕ್ಕಳ ರಕ್ಷಣಾ ಘಟಕದಲ್ಲಿ ವಿಚಾರಿಸಬೇಕು. ಕೋವಿಡ್‌ನಲ್ಲಿ ಅಪ್ಪ ಅವ್ವ ಇಬ್ಬರನ್ನೂ ಕಳೆದುಕೊಂಡ ಮಕ್ಕಳಿಗಾಗಿ 2021ರಲ್ಲಿ ಬಂದ ಮುಖ್ಯಮಂತ್ರಿ ಬಾಲ ಸೇವಾ ಯೋಜನೆಯಲ್ಲಿ ತಿಂಗಳಿಗೆ 3,500 ರೂಪಾಯಿ. ಮಕ್ಕಳ ಯಾವ ಕಷ್ಟಕ್ಕೂ ಸಹಾಯವಾಣಿ 1098. ಮನಸ್ಸಿಗೆ ತಡೆಯದಷ್ಟು ಆದಾಗ ಟೆಲಿ ಮಾನಸ್ ಸಹಾಯವಾಣಿ 14416, ಕನ್ನಡದಲ್ಲೇ ಮಾತಾಡಬಹುದು. ಕೋಣೆಯಲ್ಲಿ ಕೂತ ತಾಯಂದಿರಲ್ಲಿ ಹೆಚ್ಚಿನವರು 4,000 ರೂಪಾಯಿಯ ಮಾತನ್ನು ಅವತ್ತೇ ಮೊದಲು ಕೇಳಿದ್ದು. ಅರ್ಜಿ ತುಂಬಿಸುವ ಕೆಲಸ ಇಬ್ಬರು ಶಿಕ್ಷಕರು ವಹಿಸಿಕೊಂಡರು. ನಾಲ್ಕು ದಿನದಲ್ಲಿ ನಾವು ಮಾಡಿದ ಅತ್ಯಂತ ಗಟ್ಟಿ ಕೆಲಸ ಇದೇ ಇರಬೇಕು.

ಗೇಟಿನ ಹುಡುಗನ ತಾಯಿಗೆ ಒಂದೇ ಮಾತು ಹೇಳಿದೆ. ರಾತ್ರಿ ಬಾಗಿಲು ನೀವು ಹಾಕಿ, ಹಾಕಿದ್ದೀನಿ ಅಂತ ಅವನಿಗೆ ಕೇಳುವ ಹಾಗೆ ಹೇಳಿ. ಆಕೆಗೆ ಅವನು ಎದ್ದು ಓಡಾಡುವುದೇ ಗೊತ್ತಿರಲಿಲ್ಲ.

ಊಟಕ್ಕೆ ಏನು ಮಾಡೋಣ ಅಂತ ಹಿಂದಿನ ದಿನ ಕೇಳಿದಾಗ ಮಕ್ಕಳು ಹೋಳಿಗೆ ಅಂದಿದ್ದರು. ಮನೆಯವರು ಏನಂದುಕೊಳ್ಳುತ್ತಾರೋ ಅಂತ ನನಗೆ ಅಳುಕಿತ್ತು. ವರ್ಷದೊಳಗೆ ಸಿಹಿ ಮಾಡದ ಮನೆಗಳು. ಅಜ್ಜಿಯರನ್ನೇ ಕೇಳಿದೆ. ಸ್ವಲ್ಪ ಹೊತ್ತು ಅವರವರೇ ಪಿಸುಗುಟ್ಟಿಕೊಂಡರು. ಒಬ್ಬ ಅಜ್ಜಿ ಎದ್ದು ಸೀರೆ ಸಿಕ್ಕಿಸಿಕೊಂಡು, "ಮಕ್ಕಳು ಕೇಳ್ಯಾವ, ಮಾಡೂಣ. ಹೂರಣ ಎಲ್ಲೈತಿ ತೋರಸು" ಅಂತ ಅಡುಗೆ ಮನೆಗೆ ನಡೆದರು. ಹಿಂದೆಯೇ ಇನ್ನೂ ನಾಲ್ವರು ಹೋದರು. ನನಗೆ ಅಲ್ಲಿ ತಟ್ಟೆ ಒರೆಸುವ ಕೆಲಸ ಸಿಕ್ಕಿತು. ಐದು ಮನೆಗಳ ಅಜ್ಜಿಯರು ಒಂದೇ ಹಂಚಿನ ಮುಂದೆ ಕೂತು, ಯಾರ ಮನೆಯಲ್ಲಿ ಯಾರು ಹೋದರು ಅಂತ ಒಬ್ಬರಿಗೊಬ್ಬರು ಹೇಳಿಕೊಳ್ಳುತ್ತ ಹೋಳಿಗೆ ತಟ್ಟಿದರು. ಆ ಮಾತುಗಳಿಗೆ ಕಲ್ಲು ಬೇಕಾಗಲಿಲ್ಲ.

ಮೂರು ಗಂಟೆಗೆ ಬಾಗಲಕೋಟೆ ಕಡೆಯ ಬಸ್ಸಿಗೆ ಒಂದು ಗುಂಪು, ಕೆರೂರು ಕಡೆಗೆ ಒಂದು ಗುಂಪು ಹೊರಟಿತು. ಕಂಪಾಸ್ ಡಬ್ಬಿಯ ಹುಡುಗಿ ಕಿಟಕಿ ಪಕ್ಕ ಕೂತು ಕೈ ಬೀಸಿದಳು. ಕಡ್ಡಿ ಎಲ್ಲಿಟ್ಟೆ ಅಂತ ನಾನು ಕೇಳಲಿಲ್ಲ.

ಕಟ್ಟಡ ಖಾಲಿಯಾಯಿತು. ಚಾಪೆ ಮಡಚಿ, ಪಾತ್ರೆ ತೊಳೆದು, ಅಂಗಳ ಗುಡಿಸಿದೆವು. ಕೆಂಪು ಕಲ್ಲನ್ನು ಇದ್ದ ಜಾಗಕ್ಕೇ ಹಾಕಿದೆವು. ಪಾಟಿಗಳನ್ನು ಎಣಿಸಿದೆ. ಒದ್ದೆ ಬಟ್ಟೆಯಲ್ಲಿ ಒರೆಸಿ ಇನ್ನೊಮ್ಮೆ ಎಣಿಸಿದೆ. ಒಂದು ಕಡಿಮೆ ಇತ್ತು.

ಕಾಲೇಜು ಹುಡುಗಿ, "ಯಾರ ಹತ್ತಿರ ಇದೆ ಅಂತ ಫೋನ್ ಮಾಡಿ ಕೇಳಲಾ?" ಅಂದಳು.

ಬೇಡ ಅಂದೆ. ಸಾಮಾನಿನ ಪುಸ್ತಕದಲ್ಲಿ 'ಪಾಟಿ, 21' ಅಂತ ಬರೆದು ಚೀಲ ಕಟ್ಟಿದೆ.